ಶಿರಸಿಯ ಡೇರೆ ಗಡ್ಡೆ ಕಾರವಾರದ ಮರಳಲ್ಲಿ ಬದುಕೀತಾ?

ಕೋಡಿಬಾಗ ಮನೆ:

ಎಲ್ಲರಿಗೂ ನಮಸ್ಕಾರ. ನನ್ನ ತವರು ಶಿರಸಿ ಹತ್ತಿರದ ಹಳ್ಳಿ. ಮದುವೆಯಾಗಿ ಕಾರವಾರದ ಕೋಡಿಬಾಗಕ್ಕೆ ಬಂದು ಮೂರು ವರ್ಷ ಆಯಿತು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕಾಳಿ ಹೊಳೆ. ಅಂಗಳವೆಲ್ಲ ಮರಳು ಮಣ್ಣು.

ಆಯಿ, ಅಂದರೆ ನನ್ನ ಅಮ್ಮ, ಪ್ರತಿ ವರ್ಷ ಡೇರೆ (ಡೇಲಿಯಾ) ಹೂವಿನ ಗಡ್ಡೆ ಕೊಟ್ಟು ಕಳಿಸುತ್ತಾಳೆ. ತವರಲ್ಲಿ ಚೌತಿ ಹೊತ್ತಿಗೆ ಅಂಗಳದ ತುಂಬ ಡೇರೆ. ಕೆಂಪು, ಹಳದಿ, ಮತ್ತೆ ಬಿಳಿ ಅಂಚಿನ ನೇರಳೆ. ಆ ನೇರಳೆ ನಮ್ಮ ಅಜ್ಜಿಯ ಕಾಲದ್ದು. ಅದೊಂದಾದರೂ ಇಲ್ಲಿ ಅರಳಬೇಕು ಅಂತ ತುಂಬಾ ಆಸೆ.

ಮೊದಲ ವರ್ಷ ಜೂನ್ ಮಳೆಗೆ ಗಡ್ಡೆ ಕೊಳೆಯಿತು. ಒಂದೂವರೆ ಅಡಿ ಅಗೆದರೆ ಗುಂಡಿಯಲ್ಲಿ ನೀರು ನಿಂತಿತ್ತು. ಎರಡನೇ ವರ್ಷ ಮೊಣಕಾಲೆತ್ತರ ಬಂದದ್ದು ಗಾಳಿಗೆ ಮುರಿದು ಬಿತ್ತು. ಬೇಗ ನೆಟ್ಟರೆ ಆದೀತೇನೋ ಎಂದು ಈ ಸಲ ಮಾರ್ಚ್‌ನಲ್ಲೇ ನೆಟ್ಟೆ. ಈಗ ಮೇ ತಿಂಗಳು. ಎಲೆಯ ಅಂಚೆಲ್ಲ ಬೆಂಕಿ ತಾಗಿದ ಕಾಗದದ ಹಾಗೆ ಕಂದಾಗಿದೆ. ದಾಸವಾಳಕ್ಕೂ ಅದೇ ಗತಿ. "ಯಾವ ಮಣ್ಣಾದರೂ ಬರುತ್ತದೆ" ಎಂದು ನರ್ಸರಿಯಲ್ಲಿ ಕೊಟ್ಟ ಎರಡು ಗುಲಾಬಿ ಒಣಗಿಯೇ ಹೋದವು. ದಿನಾ ಸಂಜೆ ಬಾವಿ ನೀರಿನ ಪೈಪ್ ಹಿಡಿದು ಎಲೆ ಸಮೇತ ತೊಳೆಯುತ್ತೇನೆ. ಗೊಬ್ಬರ ಹಾಕಿದ್ದೇನೆ. ಇನ್ನೇನು ಮಾಡಲಿ?

ಅಂಕೋಲೆ ಅಂಗಳ:

ಗೊಬ್ಬರದ ಮಾತು ಆಮೇಲೆ. ಮೊದಲು ಉಪ್ಪು ಎಲ್ಲಿಂದ ಬರುತ್ತಿದೆ ನೋಡಿ.

ದಾಸವಾಳದ ಸುತ್ತ ಒಂದು ಸುತ್ತು ಬನ್ನಿ. ಸಮುದ್ರದ ಕಡೆಯ ಎಲೆ ಮಾತ್ರ ಸುಟ್ಟಿದ್ದರೆ ಅದು ಗಾಳಿಯ ಉಪ್ಪು. ಎಲ್ಲಾ ಕಡೆಯೂ ಸುಟ್ಟಿದೆ, ಅದರಲ್ಲೂ ಕೆಳಗಿನ ಹಳೆ ಎಲೆಗಳಿಗೇ ಜಾಸ್ತಿ ಅಂತಾದರೆ ನೀರಿನ ಉಪ್ಪು. ಹೊಳೆ ಸಮುದ್ರ ಸೇರುವ ಕಡೆ ಇರುವ ಬಾವಿಗಳಿಗೆ ಏಪ್ರಿಲ್, ಮೇ ಹೊತ್ತಿಗೆ ಉಪ್ಪು ನೀರು ನುಗ್ಗುತ್ತದೆ. ಬಾವಿ ನೀರು ಬಾಯಿಗೆ ಹಾಕಿ ನೋಡಿ. ಸೋಪು ಹಚ್ಚಿದರೆ ನೊರೆ ಸರಿಯಾಗಿ ಬರುತ್ತಾ ಅದೂ ನೋಡಿ. ನೀರು ಸಪ್ಪೆ ಇದ್ದರೆ ಎಲೆ ತೊಳೆಯುವುದು ಒಳ್ಳೆಯ ಕೆಲಸವೇ. ಉಪ್ಪಿದ್ದರೆ ನೀವು ದಿನಾ ಸಂಜೆ ಎಲೆಗೆ ಉಪ್ಪು ಬಳಿಯುತ್ತಿದ್ದೀರಿ ಅಂತಲೇ ಲೆಕ್ಕ. ಹಾಗಿದ್ದರೆ ಇವತ್ತೇ ನಿಲ್ಲಿಸಿ. ಮಳೆ ಬರುವವರೆಗೆ ಅಕ್ಕಿ, ತರಕಾರಿ ತೊಳೆದ ನಲ್ಲಿ ನೀರನ್ನು ಬುಡಕ್ಕೆ ಹಾಕಿ. ನಾಲ್ಕು ಜೋರು ಮಳೆ ಬಿದ್ದರೆ ಮರಳು ಮಣ್ಣಿನ ಉಪ್ಪು ತಾನಾಗಿ ತೊಳೆದು ಹೋಗುತ್ತದೆ.

ದಾಸವಾಳಕ್ಕೆ ಎರಡಡಿ ಗುಂಡಿ ತೆಗೆದು, ತಳಕ್ಕೆ ತೆಂಗಿನ ಸಿಪ್ಪೆಯನ್ನು ಒಳಮೈ ಮೇಲೆ ಬರುವಂತೆ ಜೋಡಿಸಿ. ಮೇಲೆ ಕೆಂಪು ಮಣ್ಣು, ಹಳೆ ಕೊಟ್ಟಿಗೆ ಗೊಬ್ಬರ. ಬುಡಕ್ಕೆ ದರಕು (ಒಣಗಿದ ಎಲೆ) ಮುಚ್ಚಿ. ನಮ್ಮ ಮನೆಯ ಮರಳಲ್ಲಿ ದಾಸವಾಳ ಹಿಡಿದುಕೊಂಡದ್ದು ಹೀಗೇ.

ಹೊನ್ನಾವರ ಹೂಗಿಡ:

ನನ್ನ ಕೇಳಿದರೆ ಪಶ್ಚಿಮದ ಬೇಲಿಗೆ ಮೊದಲು ಗಾಳಿ ತಡೆಯುವ ಗಿಡ ಬೇಕು. ಕಣಗಿಲೆ, ಕಾಗದದ ಹೂ, ದೇವ ಕಣಗಿಲೆ ಮೂರೂ ಉಪ್ಪುಗಾಳಿಗೆ ಜಗ್ಗುವುದಿಲ್ಲ. ಕಣಗಿಲೆ ವಿಷ, ಮಕ್ಕಳು ದನ ಓಡಾಡುವ ಕಡೆ ಬೇಡ. ಗಾಳಿ ಮರ (ಸರ್ವೆ ಮರ) ನೆಡಿ ಅಂತ ಯಾರಾದರೂ ಹೇಳಿಯಾರು. ನಮ್ಮ ದೇಶದಲ್ಲಿ ಅದನ್ನು ಮೊದಲು ನೆಟ್ಟದ್ದೇ ಕಾರವಾರದ ಕಡೆ, 1868ರ ಸುಮಾರಿಗೆ. ಕಡಲ ತೀರಕ್ಕೆ ಅದು ಸರಿ. ಸಣ್ಣ ಅಂಗಳಕ್ಕೆ ಬೇಡ, ಅದರ ಸೂಜಿ ಎಲೆ ಬಿದ್ದಲ್ಲಿ ಬೇರೆ ಗಿಡ ಏಳುವುದು ಕಷ್ಟ.

ಬೇಲಿಯ ಮರೆಯಲ್ಲಿ ಅಬ್ಬಲಿಗೆ (ಕನಕಾಂಬರ) ಹಾಕಿ, ಬಸಳೆ ಚಪ್ಪರ ಹಾಕಿ. ಡೇರೆ ಮಾತ್ರ ಬಿಟ್ಟುಬಿಡಿ. ಅದು ತಂಪು ಊರಿನ ಗಿಡ, ಇಲ್ಲಿ ರಾತ್ರಿಯೂ ಸೆಕೆ.

ಘಟ್ಟದ ಮೇಲಿನವಳು:

ತಂಗೀ, ಬಿಡಬೇಡ. ಅಜ್ಜಿಯ ಕಾಲದ ಬಣ್ಣ ಒಮ್ಮೆ ತಪ್ಪಿದರೆ ಮತ್ತೆ ಸಿಗುವುದಿಲ್ಲ. ಬೀಜ ಹಾಕಿದರೆ ಅದೇ ಬಣ್ಣ ಬರುವುದಿಲ್ಲ, ಗಡ್ಡೆಯಿಂದಲೇ ಬರಬೇಕು. ಅದಕ್ಕೇ ಎಲ್ಲಾ ಗಡ್ಡೆ ಕೆಳಗೆ ತರಿಸಬೇಡ, ಅರ್ಧ ಆಯಿಯ ಹತ್ತಿರವೇ ಇರಲಿ.

ಸೆಕೆಯ ಮಾತು ನಿಜ. ಆದರೆ ಜುಲೈ, ಆಗಸ್ಟ್‌ನಲ್ಲಿ ಕರಾವಳಿಯೂ ಸ್ವಲ್ಪ ತಂಪಾಗುತ್ತದೆ. ಮಾರ್ಚ್‌ನಲ್ಲಿ ನೆಟ್ಟದ್ದೇ ತಪ್ಪು. ಮೊದಲ ಮಳೆ ಬಿದ್ದ ಮೇಲೆ ನೆಡು. ನೆಲದಲ್ಲಿ ಬೇಡ, ಕುಂಡದಲ್ಲಿ. ಒಂದಡಿ ಅಗಲ, ತಳಕ್ಕೆ ಎರಡು ಮೂರು ತೂತು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹಳೆ ಗೊಬ್ಬರ, ಒಂದು ಪಾಲು ಹೊಳೆ ಮರಳು. ಕಡಲ ಮರಳು ಮುಟ್ಟಬೇಡ.

ಡೇರೆಯ ಕಣ್ಣು ಆಲೂಗಡ್ಡೆಯ ಹಾಗೆ ಗಡ್ಡೆಯ ಮೈಮೇಲೆ ಇರುವುದಿಲ್ಲ. ಗಡ್ಡೆ ಹಳೆ ಕಾಂಡಕ್ಕೆ ಅಂಟಿರುವ ಕುತ್ತಿಗೆಯಲ್ಲಿ ಇರುತ್ತದೆ. ಕುತ್ತಿಗೆ ಮುರಿದ ಗಡ್ಡೆ ಎಷ್ಟು ದಪ್ಪ ಇದ್ದರೂ ಚಿಗುರುವುದಿಲ್ಲ. ಬಸ್ಸಿನಲ್ಲಿ ಕಳಿಸುವಾಗ ಮುರಿಯುವುದೂ ಅಲ್ಲೇ. ಕಾಂಡದ ತುಂಡಿನ ಸಮೇತ ಒಣ ಬಾಳೆಪಟ್ಟೆಯಲ್ಲಿ ಸುತ್ತಿ ಕೊಡಲು ಆಯಿಗೆ ಹೇಳು.

ಅಡ್ಡ ಮಲಗಿಸಿ ನೆಡು. ಚಿಗುರು ಕಾಣುವವರೆಗೆ ಕುಂಡ ಸೂರಿನ ಒಳಗೇ ಇರಲಿ, ಮಳೆ ತಾಗಬಾರದು. ಆಮೇಲೆ ಮನೆಯ ಪೂರ್ವದ ಬದಿಗೆ ಇಡು, ಮನೆಯೇ ಗಾಳಿಗೆ ಅಡ್ಡ ನಿಲ್ಲುತ್ತದೆ. ನೆಡುವ ದಿನವೇ ಕೋಲು ಊರು. ನಂತರ ಊರಿದರೆ ಗಡ್ಡೆಗೆ ಚುಚ್ಚುತ್ತದೆ. ನಾಲ್ಕು ಜೋಡಿ ಎಲೆ ಬಂದಾಗ ತುದಿ ಚಿವುಟು, ಗಿಡ ಗಿಡ್ಡವಾಗಿ ಕವಲೊಡೆಯುತ್ತದೆ. ಹೂ ಮುಗಿದು ಗಿಡ ಒಣಗಿದ ಮೇಲೆ ಗಡ್ಡೆ ತೆಗೆದು, ಎರಡು ದಿನ ನೆರಳಲ್ಲಿ ಆರಿಸಿ, ಶಿರಸಿಗೆ ವಾಪಸ್ ಕಳಿಸು. ಬೇಸಿಗೆ ಅದು ಅಲ್ಲೇ ಕಳೆಯಲಿ.

ಕೋಡಿಬಾಗ ಮನೆ:

ಅಂಕೋಲೆಯವರೇ, ಬಾವಿ ನೀರು ಬಾಯಿಗೆ ಹಾಕಿದೆ. ಉಪ್ಪು! ಕುಡಿಯಲು ನಲ್ಲಿ ನೀರೇ ಬಳಸುವುದರಿಂದ ಇಷ್ಟು ದಿನ ಗೊತ್ತೇ ಆಗಿರಲಿಲ್ಲ. ದಾಸವಾಳದ ಕೆಳಗಿನ ಎಲೆಗಳೇ ಜಾಸ್ತಿ ಸುಟ್ಟಿವೆ, ಎಲ್ಲಾ ಕಡೆಯೂ. ಪೈಪ್ ಸುತ್ತಿ ಇಟ್ಟಿದ್ದೇನೆ. ಹೊನ್ನಾವರದವರು ಹೇಳಿದ ಕಾಗದದ ಹೂವಿನ ಟೊಂಗೆ ಪಕ್ಕದ ಮನೆಯಲ್ಲೇ ಸಿಕ್ಕಿತು.

ಅಕ್ಕಾ, ಆಯಿಗೆ ಫೋನ್ ಮಾಡಿದೆ. ನೇರಳೆಯದು ಆರು ಗಡ್ಡೆ ಇದೆಯಂತೆ. ಮೂರು ಇಟ್ಟುಕೊಂಡು ಮೂರು ಕೊಡುತ್ತಾಳಂತೆ. ಬಸ್ಸಿಗೆ ಹಾಕುವುದು ಬೇಡ ಅಂದಳು. ಮಳೆ ಶುರುವಾದ ಮೇಲೆ ತಮ್ಮ ದೇವಿಮನೆ ಘಟ್ಟ ಇಳಿದು ತಾನೇ ತರುತ್ತಾನೆ, ಜೊತೆಗೆ ಒಂದು ಚೀಲ ಕೆಂಪು ಮಣ್ಣೂ.