ಅಪ್‌ಡೇಟ್: ಪೀನಟ್ ಬಟರ್ ಸಿಕ್ತು, ಜಾಮ್ ಇನ್ನೂ ಇಲ್ಲ

ಬೆಂಗಳೂರಲ್ಲೇ ಮಾಡಿದ ಜಾಮ್, ಪೀನಟ್ ಬಟರ್ ದಿನಸಿ ಅಂಗಡೀಲೇ ಸಿಗುತ್ತಾ ಅಂತ ಹೋದ ತಿಂಗಳು ಕೇಳಿದ್ದೆ. 'ಬಾಟಲಿ ತಿರುಗಿಸಿ ನೋಡಿ' ಅಂದವರಿಗೆ ದೊಡ್ಡ ನಮಸ್ಕಾರ. ಜಯನಗರದಲ್ಲಿ ಅರ್ಧ ಗಂಟೆ ಅದೇ ಕೆಲಸ. ಅಂಗಡಿಯವರು ಗುರಾಯಿಸಿದ್ದೂ ಆಯ್ತು. ಮುಂದೆ 'ಬೆಂಗಳೂರು' ಅಂತ ದಪ್ಪಕ್ಷರ, ಹಿಂದೆ ನೋಡಿದ್ರೆ ಮಾರೋರ ವಿಳಾಸ ಮಾತ್ರ ಇಲ್ಲಿಯದು, ತಯಾರಾಗಿದ್ದು ಗುಜರಾತಿನಲ್ಲಿ!

ಕೊನೆಗೆ ಕೆಳಗಿನ ಶೆಲ್ಫಿನಲ್ಲಿ ಪೀಣ್ಯದ ವಿಳಾಸದ್ದೊಂದು ಸಿಕ್ತು. ಬರೀ ಕಡಲೆಕಾಯಿ, ಉಪ್ಪು. ಮೇಲೆ ಬೆರಳಗಲ ಎಣ್ಣೆ ನಿಂತಿತ್ತು, ಕೆಟ್ಟಿದೆ ಅಂದ್ಕೊಂಡೆ. ಗಟ್ಟಿ ಮಾಡೋಕೆ ಬೇರೆ ಕೊಬ್ಬು ಹಾಕದಿದ್ರೆ ಹಾಗೇ ಅಂತೆ. ಚಮಚದ ಹಿಡಿಯಿಂದ ಕಲಸಿದೆ, ಸರಿಹೋಯ್ತು. ಅಮ್ಮ ನೆಕ್ಕಿ ನೋಡಿ, 'ಬೆಲ್ಲ ಮರೆತ ಕಡಲೆಕಾಯಿ ಉಂಡೆ ಕಣೋ ಇದು' ಅಂದ್ರು.

ಜಾಮ್‌ಗೆ ಹುಡುಕಾಟ ನಡೀತಿದೆ. ಹಣ್ಣು 45% ಆದ್ರೂ ಇರಬೇಕು ಅನ್ನೋದು ನಿಯಮ. ನನಗೆ ಅದಕ್ಕಿಂತ ಜಾಸ್ತಿ ಇರೋದೇ ಬೇಕು.