ಬುಕಾನನ್ 1807ರ ಮೂರನೇ ಸಂಪುಟ ಮಾತ್ರ ಸಿಗುತ್ತಿದೆ, ತಗೊಳ್ಳಬಹುದಾ?

ಅಡಿಕೆತೋಟ:
ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವನು. ಹಳೆ ಪುಸ್ತಕ ಕೂಡಿಡುವ ಹುಚ್ಚು ಹತ್ತಿ ಮೂರು ವರ್ಷ ಆಯಿತು. ಇಲ್ಲಿವರೆಗೆ ಕೊಂಡಿದ್ದೆಲ್ಲ ಸಣ್ಣಪುಟ್ಟದ್ದು, ಹರಿದ ಗೆಜೆಟಿಯರ್, ಕಾಡುಮರಗಳ ಪಟ್ಟಿ, ಅಂಥವು. ಈಗ ಬೆಂಗಳೂರಿನ ಒಬ್ಬ ವ್ಯಾಪಾರಿ ಹತ್ತಿರ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಬರೆದ ಮೈಸೂರು, ಕೆನರಾ, ಮಲಬಾರ್ ಪ್ರವಾಸದ ಪುಸ್ತಕ ಇದೆ. 1807ರ ಲಂಡನ್ ಮುದ್ರಣ. ಆದರೆ ಮೂರು ಸಂಪುಟದಲ್ಲಿ ಮೂರನೆಯದು ಮಾತ್ರ. ನಮ್ಮ ಸೋಂದಾ, ಬನವಾಸಿ ಬರುವುದು ಅದರಲ್ಲೇ, ಹಾಗಾಗಿ ಮನಸ್ಸು ಅಲ್ಲೇ ನಿಂತುಬಿಟ್ಟಿದೆ. ರಟ್ಟು ಹೊಸದಾಗಿ ಕಟ್ಟಿಸಿದ್ದು. ಒಳಗೆ ಅಲ್ಲಲ್ಲಿ ಕಂದು ಚುಕ್ಕೆ. ಕೇಳುವ ಬೆಲೆ ನನ್ನ ಎರಡು ತಿಂಗಳ ಸಂಬಳ. ನೋಡಲು ಹೋದಾಗ ಏನೇನು ನೋಡಬೇಕು, ತಿಳಿದವರು ಹೇಳಿ.

ಹಳೆಹಾಳೆ:
ಮೊದಲು ದುಡ್ಡು ಕೊಡಬೇಡಿ. ಅರ್ಧ ದಿನ ಬಿಡುವು ಮಾಡಿಕೊಂಡು ಅಲ್ಲೇ ಕೂತು ಪುಟ ಎಣಿಸಿ. ಈ ಪುಸ್ತಕದ ಸ್ಕ್ಯಾನ್ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಫೋನಿನಲ್ಲಿ ತೆರೆದಿಟ್ಟುಕೊಂಡು ಪುಟಕ್ಕೆ ಪುಟ ತಾಳೆ ನೋಡಿ. ಒಂದು ಎಚ್ಚರ: ಸ್ಕ್ಯಾನ್ ಮಾಡುವವರು ಮಡಚಿದ ನಕ್ಷೆ, ಚಿತ್ರಗಳನ್ನು ಎಷ್ಟೋ ಸಲ ಬಿಡಿಸದೆ ಹಾಗೇ ತೆಗೆದಿರುತ್ತಾರೆ. ಹಾಗಾಗಿ ಒಂದೇ ಪ್ರತಿ ನೋಡಿ ನಂಬಬೇಡಿ, ಎರಡು ಮೂರು ನೋಡಿ.

ಹೊಸ ರಟ್ಟು ತಪ್ಪಲ್ಲ. ಆದರೆ ಮತ್ತೆ ಹೊಲಿಯುವಾಗ ಹಾಳೆ ಬಿಟ್ಟುಹೋಗಿರಬಹುದು, ಅಂಚು ಕತ್ತರಿಸಿರಬಹುದು, ಬೇರೆ ಕಡೆಯ ಹಾಳೆ ಸೇರಿಸಿರಬಹುದು. ಕಾಗದವನ್ನು ಬೆಳಕಿಗೆ ಹಿಡಿಯಿರಿ. ಆ ಕಾಲದ ಇಂಗ್ಲೆಂಡಿನ ಕಾಗದದಲ್ಲಿ ನೀರುಗುರುತಿನ (ವಾಟರ್‌ಮಾರ್ಕ್) ಜೊತೆ ಕೆಲವೊಮ್ಮೆ ಇಸವಿಯೂ ಇರುತ್ತದೆ. ಅದು 1807ಕ್ಕಿಂತ ಎಷ್ಟೋ ಈಚಿನದಾಗಿದ್ದರೆ ಆ ಹಾಳೆ ಆಮೇಲೆ ಬಂದದ್ದು. ತಾಮ್ರದ ಹಲಗೆಯಿಂದ ಅಚ್ಚು ಹಾಕಿದ ಚಿತ್ರವಾದರೆ ಸುತ್ತ ಹಲಗೆ ಒತ್ತಿದ ತಗ್ಗು ಬೆರಳಿಗೆ ಸಿಗುತ್ತದೆ (ಅಂಚು ಕತ್ತರಿಸಿದ್ದರೆ ಸಿಗದೆಯೂ ಇರಬಹುದು). ಭೂತಗನ್ನಡಿಯಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಕಂಡರೆ ಅದು ಈಗಿನ ಆಫ್‌ಸೆಟ್ ಮುದ್ರಣ. ನಾನು ಒಮ್ಮೆ ನೋಡದೆ ಕೊಂಡು ಎರಡು ಜೆರಾಕ್ಸ್ ಹಾಳೆ ಸೇರಿಸಿದ್ದ ಪುಸ್ತಕ ಮನೆಗೆ ತಂದಿದ್ದೆ, ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮರಗಿಡ:
ಕಂದು ಚುಕ್ಕೆಗೆ ಹೆದರಬೇಡಿ, ಇನ್ನೂರು ವರ್ಷದ ಕಾಗದ. ಹುಳ ತಿಂದ ಸುರಂಗ ಅಕ್ಷರದ ಮೇಲೆ ಹಾದಿದೆಯಾ ನೋಡಿ, ಅದು ಮುಖ್ಯ. ಸೆಲ್ಲೋಟೇಪ್ ಅಂಟಿಸಿದ್ದರೆ ಅಥವಾ ಲ್ಯಾಮಿನೇಷನ್ ಮಾಡಿಸಿದ್ದರೆ ನಾನಾದರೆ ಮುಟ್ಟುವುದಿಲ್ಲ.

ನೀವು ಗಿಡಗಳ ಕಡೆ ಒಲವಿರುವವರು ಅನ್ನಿಸಿತು, ಅದಕ್ಕೇ ಇನ್ನೊಂದು ಮಾತು. ಚೌಕಟ್ಟು ಹಾಕಿ ಮಾರುವ ಬಿಡಿ ಚಿತ್ರಗಳನ್ನು ದಯವಿಟ್ಟು ಕೊಳ್ಳಬೇಡಿ. ಸಸ್ಯವಿಜ್ಞಾನಿ ರಾಬರ್ಟ್ ವೈಟ್ ಅವರ ಐಕೋನ್ಸ್ ಅನ್ನುವ ಗಿಡಗಳ ಚಿತ್ರಪುಸ್ತಕ 1838ರಿಂದ 1853ರವರೆಗೆ ಬಂದದ್ದು, 2,101 ಚಿತ್ರಗಳಿವೆ. ಬಿಡಿ ಹಾಳೆ ಚೆನ್ನಾಗಿ ಬೆಲೆ ತರುತ್ತದೆ ಅಂತಲೇ ಇಂಥ ಪುಸ್ತಕಗಳನ್ನು ಹರಿಯುತ್ತಾರೆ. ಐಕೋನ್ಸ್ ಅಚ್ಚಾಗಿದ್ದು ಕಪ್ಪು ಬಿಳುಪಿನಲ್ಲಿ. ಬಣ್ಣ ಇರುವ ಹಾಳೆ ಸಿಕ್ಕರೆ ಆಮೇಲೆ ಯಾರೋ ಬಳಿದದ್ದು ಅಂತಲೇ ತಿಳಿಯಿರಿ. ಆ ಚಿತ್ರ ಬರೆದವರು ನಮ್ಮ ದಕ್ಷಿಣದವರೇ, ರಂಗಯ್ಯ ಮತ್ತು ಗೋವಿಂದು. ಗೋವಿಂದು ಹೆಸರಿನಲ್ಲಿ ವೈಟ್ ಒಂದು ಸೀತಾಳೆ (ಆರ್ಕಿಡ್) ಕುಲಕ್ಕೆ ಗೋವಿಂದೂಯಿಯ ಅಂತ ಹೆಸರನ್ನೂ ಇಟ್ಟರು. ಹಾಳೆ ಕಿತ್ತು ಮಾರಿದರೆ ಇವರ ಇಡೀ ಕೆಲಸ ಒಟ್ಟಿಗೆ ನೋಡಲು ಎಲ್ಲಿ ಸಿಗುತ್ತದೆ ಹೇಳಿ?

ಪುಸ್ತಕಪೆಟ್ಟಿಗೆ:
ಮಾರುವ ಲೆಕ್ಕದಲ್ಲಿ ಬಿಡಿ ಸಂಪುಟಕ್ಕೆ ಬೆಲೆ ಕಡಿಮೆ, ಅವರು ಕೇಳುತ್ತಿರುವುದು ಜಾಸ್ತಿ ಅಂತಲೇ ನನ್ನ ಅಭಿಪ್ರಾಯ. ಉಳಿದ ಎರಡು ಆಮೇಲೆ ಸಿಗುತ್ತವೆ ಅನ್ನುವ ಆಸೆ ಇಟ್ಟುಕೊಳ್ಳಬೇಡಿ, ಸಿಕ್ಕರೂ ಅಳತೆ, ರಟ್ಟು ಹೊಂದುವುದಿಲ್ಲ. 1870ರಲ್ಲಿ ಮದ್ರಾಸಿನ ಹಿಗಿನ್‌ಬಾಥಮ್ಸ್ ಇದನ್ನೇ ಎರಡು ಸಂಪುಟ ಮಾಡಿ ತಂದಿತ್ತು. ನಾನಾದರೆ ಅದನ್ನು ಹುಡುಕುತ್ತೇನೆ. ಸುಮ್ನೆ ಓದುವುದಕ್ಕಾದರೆ ದೆಹಲಿಯ ಏಷ್ಯನ್ ಎಜುಕೇಷನಲ್ ಸರ್ವಿಸಸ್‌ನ ಮರುಮುದ್ರಣವೇ ಸಾಕು. ಆದರೂ ನಿಮ್ಮ ಊರಿನ ಪುಸ್ತಕ ನಿಮ್ಮ ಮನೆಯಲ್ಲಿರಬೇಕು ಅನ್ನುವ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಅಡಿಕೆತೋಟ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಹೋಗಿ ಮೂರು ತಾಸು ಕೂತು ನೋಡಿದೆ. ಒಂದು ಚಿತ್ರ ಇಲ್ಲ, ಇದ್ದ ಜಾಗದಲ್ಲಿ ಕತ್ತರಿಸಿದ ಅಂಚು ಮಾತ್ರ ಉಳಿದಿದೆ. ತೋರಿಸಿದ ಮೇಲೆ ಬೆಲೆ ಅರ್ಧ ಮಾಡುತ್ತೇನೆ ಅಂದರು. ಆದರೂ ಬಿಟ್ಟು ಬಂದೆ.

ರಾತ್ರಿ ಸ್ಕ್ಯಾನ್ ತೆರೆದು ಸೋಂದಾ ಭಾಗ ಅಪ್ಪಯ್ಯನಿಗೆ ಕನ್ನಡ ಮಾಡಿ ಓದಿ ಹೇಳಿದೆ. ಹವ್ಯಕರನ್ನು ಬುಕಾನನ್ 'ಹೈಗ' ಅಂತ ಬರೆಯುತ್ತಾನೆ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುವುದು ಕೂಡ ಇದೆ, 1801ರಲ್ಲಿ ಕಂಡದ್ದು. ಅಪ್ಪಯ್ಯ ನಿದ್ದೆ ಬಿಟ್ಟು ಹನ್ನೊಂದೂವರೆವರೆಗೆ ಕೇಳಿದರು. 1870ರ ಮದ್ರಾಸ್ ಪ್ರತಿ ಯಾರ ಕಣ್ಣಿಗಾದರೂ ಬಿದ್ದರೆ ಇಲ್ಲೇ ತಿಳಿಸಿ, ಎಣಿಸಲು ನಾನೇ ಬರುತ್ತೇನೆ.