ಡ್ರೈ ಬಾಕ್ಸಿನ ಸ್ವಿಚ್ ಆರಿಸಬೇಡ ಅಪ್ಪಿ

ಅಪ್ಪಿ, ನಾನು ದೊಡ್ಡಪ್ಪ. ಬೆಳಿಗ್ಗೆ ನೀನು ನಮ್ಮ ಮನೆಯವರ ಗ್ರೂಪಿನಲ್ಲಿ ಹಾಕಿದ್ದನ್ನು ಈಗ ಕೇಳಿದೆ. ನನ್ನ ಕನ್ನಡಕ ಸಿಗಲಿಲ್ಲ, ದೊಡ್ಡಮ್ಮ ಓದಿ ಹೇಳಿದಳು. ಬೆಂಗಳೂರಿನ ಬಾಡಿಗೆ ಜಾಸ್ತಿಯಾಗಿದೆ, ಮಗಳ ಸ್ಕೂಲ್ ಫೀಸ್ ಕಟ್ಟಬೇಕು, ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯುತ್ತಿಲ್ಲ, ಕ್ಯಾಮೆರಾ ಮತ್ತು ಆ ದೊಡ್ಡ ಲೆನ್ಸ್ ಮಾರಿಬಿಡಲಾ ಅಥವಾ ಮನೆ ಖರ್ಚು ಇಳಿಸಲು ದಾರಿ ಇದೆಯಾ ಅಂತ ಕೇಳಿದ್ದೀಯ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯ ನೋಡು, 'ಸದ್ಯಕ್ಕೆ ಕರೆಂಟ್ ಉಳಿಯಲಿ ಅಂತ ಡ್ರೈ ಬಾಕ್ಸ್ ಆಫ್ ಮಾಡಿದ್ದೇನೆ' ಅಂತ. ಕ್ಯಾಮೆರಾ, ಲೆನ್ಸಿಗೆ ತೇವ ತಾಗದ ಹಾಗೆ ಕಾಯುವ ಪೆಟ್ಟಿಗೆಯನ್ನೇ! ಅದನ್ನು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ.

ಬೇರೆಯದೆಲ್ಲ ಆಮೇಲೆ. ಮೊದಲು ಎದ್ದು ಹೋಗಿ ಆ ಸ್ವಿಚ್ ಹಾಕು. ಉಳಿಸಲು ಹೋಗಿ, ವಸ್ತುವನ್ನು ಕಾಯುವ ಖರ್ಚಿಗೆ ಕೈ ಹಾಕಬೇಡ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನನ್ನ ಕೈಯಾರೆ ಹಾಳು ಮಾಡಿಕೊಂಡು ಹೇಳುತ್ತಿದ್ದೇನೆ.

1988ರ ಮಾತು. ನೀನಿನ್ನೂ ಹುಟ್ಟಿರಲಿಲ್ಲ. ಆ ಪೆಂಟಾಕ್ಸ್ ಕೆ1000 ಫಿಲಂ ಕ್ಯಾಮೆರಾ ನಿನಗೆ ಗೊತ್ತಲ್ಲ, ಈಗ ನಿನ್ನ ಅಪ್ಪನ ಶೋಕೇಸಿನಲ್ಲಿ ಇದೆ, ಅದೇ. ಅದಕ್ಕೆ ದೂರದ್ದನ್ನು ಹತ್ತಿರ ತೋರಿಸುವ ಒಂದು 200 ಎಂಎಂ ಲೆನ್ಸ್ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೆ. ನನ್ನ ಒಂದೂವರೆ ತಿಂಗಳ ಸಂಬಳ. ಮೇಷ್ಟ್ರ ಸಂಬಳ ಆಗ ಎಷ್ಟಿತ್ತು ಅಂತ ನಿಮಗೆಲ್ಲ ಗೊತ್ತು. ಎರಡು ವರ್ಷ ಟ್ಯೂಷನ್ ಮಾಡಿ ಕೂಡಿಟ್ಟ ದುಡ್ಡು ಅದು. ಮಂಡಗದ್ದೆಯಲ್ಲಿ ತುಂಗೆಯ ನಡುವಿನ ಕುದುರಿನಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿ ಗೂಡು ಕಟ್ಟುತ್ತವೆ ಅಲ್ವಾ, ಅದನ್ನು ಹತ್ತಿರದಿಂದ ತೆಗೆಯಬೇಕು ಅಂತ ಆಸೆ. ಆಶ್ಲೇಷ ಮಳೆ ಸ್ವಲ್ಪ ಹೊಳವಾದ ದಿನ ನೋಡಿ ಬಸ್ಸಿಗೆ ಹೋದೆ. ಒಂದು ರೋಲು, 36 ಫೋಟೊ. ಅಷ್ಟೇ ನನ್ನ ಲೆಕ್ಕ. ಮಧ್ಯದಲ್ಲಿ ಹನಿ ಬಂತು. ಲೆನ್ಸಿಗೂ ತಾಗಿತು. ಪಂಚೆಯಲ್ಲಿ ಒರೆಸಿದೆ. ಮನೆಗೆ ಬಂದವನು ಅದರ ಚರ್ಮದ ಚೀಲದೊಳಗೆ ಹಾಕಿ ಕಬ್ಬಿಣದ ಬೀರುವಿನಲ್ಲಿ, ದೊಡ್ಡಮ್ಮನ ಸೀರೆಗಳ ಕೆಳಗೆ ಇಟ್ಟೆ. ಭದ್ರವಾಗಿರಲಿ ಅಂತ.

ದೊಡ್ಡಮ್ಮ ಅವತ್ತೇ ಹೇಳಿದಳು. ಶಿವಮೊಗ್ಗದಲ್ಲಿ ಲ್ಯಾಬ್ ಸಾಮಾನು ಮಾರುವ ಅಂಗಡಿಯಿಂದ ತೇವ ಹೀರುವ ಹರಳು, ಆ ಸಿಲಿಕಾ ಜೆಲ್ ತನ್ನಿ, ನಿಮ್ಮ ಸ್ಕೂಲಿನಲ್ಲೂ ಇಡುತ್ತಾರಲ್ಲ ಅಂತ. ಒಂದು ಪ್ಯಾಕೆಟ್ಟಿಗೆ 40 ರೂಪಾಯಿ. ನಾನು ಬೇಡ ಅಂದೆ. 40 ರೂಪಾಯಿಗೆ ಇನ್ನೊಂದು ರೋಲು ಬರುತ್ತದೆ, ಹರಳಿಗೆ ಯಾಕೆ ಸುರಿಯಬೇಕು ಅಂದೆ. ತೇವ, ಕತ್ತಲೆ, ಗಾಳಿ ಇಲ್ಲದ ಜಾಗ, ಇಷ್ಟು ಸಿಕ್ಕರೆ ಬೂಷ್ಟು ಬೆಳೆಯುತ್ತದೆ ಅಂತ ಎಂಟನೇ ಕ್ಲಾಸಿನ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಹೇಳುತ್ತಿದ್ದವನು ನಾನು. ಆಮೇಲೆ ರೋಲಿಗೂ ದುಡ್ಡಿರಲಿಲ್ಲ. ಹಾಗಾಗಿ ದಸರಾ ರಜೆವರೆಗೆ ಬೀರು ತೆಗೆದು ನೋಡಲೇ ಇಲ್ಲ.

ತೆಗೆದಾಗ ಚರ್ಮದ ಚೀಲದ ಮೇಲೆ ಬಿಳಿ ಪುಡಿ. ಲೆನ್ಸನ್ನು ಕಿಟಕಿಗೆ ಹಿಡಿದು ನೋಡಿದೆ. ಒಳಗೆ ಜೇಡರ ಬಲೆ ನೇಯ್ದ ಹಾಗೆ ಎಳೆ ಎಳೆ. ಹೊರಗಿನ ಗಾಜಿನ ಮೇಲಲ್ಲ, ಒಳಗೆ, ಕೈಗೆ ಎಟುಕದ ಕಡೆ. ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಒಯ್ದೆ. ರಿಪೇರಿಯವರು ಒಳ್ಳೆಯವರು, ಬಿಚ್ಚಿ ಎಲ್ಲ ಒರೆಸಿ ಕೊಟ್ಟರು. ಕೊಡುವಾಗ ಹೇಳಿದರು, 'ಮೇಷ್ಟ್ರೇ, ಬೂಷ್ಟು ತೆಗೆದಿದ್ದೇನೆ. ಅದು ತಿಂದು ಹೋದದ್ದನ್ನು ತುಂಬಲು ನನ್ನಿಂದ ಆಗುವುದಿಲ್ಲ.' ಬೂಷ್ಟು ಬರೀ ಕೂತಿರುವುದಿಲ್ಲ ಅಪ್ಪಿ. ಅದು ಬಿಡುವ ಆಮ್ಲ ಗಾಜಿನ ಮೇಲಿನ ಕೋಟಿಂಗನ್ನು ತಿನ್ನುತ್ತದೆ, ಆಮೇಲೆ ಗಾಜನ್ನೂ. ಬೇಗ ಗೊತ್ತಾದರೆ ಒರೆಸಬಹುದು, ತಡವಾದರೆ ಕಲೆ ಉಳಿಯುತ್ತದೆ. ಅಲ್ಲಿಂದ ಮುಂದೆ ಬೆಳಕಿಗೆ ಎದುರಾಗಿ ಏನೇ ತೆಗೆದರೂ ಮಂಜು ಮಂಜು. ನೀರಿನ ಮೇಲಿನ ಬೆಳ್ಳಕ್ಕಿ, ಬಿಳಿ ರೆಕ್ಕೆ, ಹಿಂದಿನಿಂದ ಬೆಳಕು, ಅದಕ್ಕೇ ಅಂತ ತಂದ ಲೆನ್ಸು. ಅದೊಂದನ್ನೇ ಅದು ಮಾಡದೆ ಹೋಯಿತು. ಮತ್ತೆ ಅಂಥದ್ದು ಕೊಳ್ಳಲು ನನಗೆ 11 ವರ್ಷ ಬೇಕಾಯಿತು.

40 ರೂಪಾಯಿ ಉಳಿಸಿದ್ದು ನಾನು.

ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ. ಉಳಿಸಲು ಹೋಗಿ, ವಸ್ತುವನ್ನು ಕಾಯುವ ಖರ್ಚಿಗೆ ಕೈ ಹಾಕಬೇಡ. ನಿನ್ನ ಡ್ರೈ ಬಾಕ್ಸಿನ ಹಿಂದೆ ಒಂದು ಚೀಟಿ ಅಂಟಿಸಿರುತ್ತಾರೆ, ಎಷ್ಟು ವಾಟ್ ಅಂತ ನೋಡು. ಚಿಕ್ಕದಾದರೆ 5 ವಾಟ್ ಆಸುಪಾಸು ಇರುತ್ತದೆ. ಹಗಲೂ ರಾತ್ರಿ ತಿಂಗಳು ಪೂರ್ತಿ ಓಡಿದರೂ 3.6 ಯೂನಿಟ್. ನಿಮ್ಮ ಬಚ್ಚಲಿನ ಗೀಸರ್ 2000 ವಾಟ್. ಅದು ಎರಡು ಗಂಟೆ ಉರಿಯುವುದರೊಳಗೆ ಡ್ರೈ ಬಾಕ್ಸಿನ ಒಂದು ತಿಂಗಳ ಕರೆಂಟ್ ಮುಗಿದಿರುತ್ತದೆ. ನೀನು ಯಾವುದನ್ನು ಆಫ್ ಮಾಡಿದ್ದೀಯ ಅಂತ ಈಗ ಗೊತ್ತಾಯಿತಾ?

ನೀನು ಕ್ಯಾಮೆರಾ ಮಾರುತ್ತೇನೆ ಅಂದ ತಕ್ಷಣ ಕೆಳಗಿನಮನೆ ಭಾವ, ಸಣ್ಣತ್ತೆ, ಎಲ್ಲ ಹೆಬ್ಬೆರಳು ಎತ್ತಿ ಹಾಕಿದ್ದಾರೆ. ಅದನ್ನು ಕೇಳಿ ನನಗೆ ಬೇಜಾರಾಯಿತು, ಹೇಳಿಯೇ ಬಿಡುತ್ತೇನೆ. ಫೋಟೊ ಅಂದರೆ ಈ ಮನೆಯಲ್ಲಿ ಯಾವತ್ತೂ ದಂಡದ ಖರ್ಚು. ನನಗೂ ಹಾಗೇ ಅಂದಿದ್ದಿರಿ. ಮೇಷ್ಟ್ರಿಗೆ ಹುಚ್ಚು, ಸಂಬಳವನ್ನೆಲ್ಲ ಫೋಟೊ ತೊಳೆಯುವ ಹೈಪೋ ನೀರಿಗೆ ಹಾಕುತ್ತಾನೆ ಅಂತ. ಆದರೆ ಈ ಕುಟುಂಬದ ಎಷ್ಟು ಉಪನಯನ, ಎಷ್ಟು ಮದುವೆ, ಎಷ್ಟು ಗೃಹಪ್ರವೇಶ ನಾನು ತೆಗೆದಿಲ್ಲ? ನನ್ನ ಫಿಲಂ, ನನ್ನ ಪೇಪರ್. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಚ್ಚಲುಮನೆಯ ಕಿಟಕಿಗೆ ಕಂಬಳಿ ಕಟ್ಟಿ, ಕೆಂಪು ದೀಪ ಹಾಕಿಕೊಂಡು ಪ್ರಿಂಟ್ ಹಾಕುತ್ತಿದ್ದೆ. ಫಿಲಮ್ಮಿನ ದುಡ್ಡು ಎಷ್ಟಾಯಿತು ಅಂತ ಒಬ್ಬರೂ ಕೇಳಲಿಲ್ಲ. ಚಾ ಕುಡಿದು ಹೋಗಿ ಅಂದಿರಿ, ಅಷ್ಟೆ.

ಇವತ್ತು ನಮ್ಮ ಆಯಿಯ ಫೋಟೊ ಯಾರ ಮನೆಯ ಗೋಡೆಯ ಮೇಲಿಲ್ಲ ಹೇಳಿ. ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ತಲೆ ಎತ್ತಿ ನೋಡುತ್ತಿದ್ದಾಳಲ್ಲ, ಆ ಫೋಟೊ. ಅಪ್ಪಿ, ನಿನ್ನ ಅಜ್ಜಿ ಕ್ಯಾಮೆರಾ ಕಂಡರೆ ಸೆರಗು ಎಳೆದುಕೊಂಡು ಒಳಗೆ ಹೋಗುವವಳು. ಅವಳದ್ದು ಅಂತ ಸರಿಯಾಗಿ ಇರುವುದು ಅದೊಂದೇ. ತೆಗೆದದ್ದು ಆ ಹಾಳಾದ 200 ಎಂಎಂ ಲೆನ್ಸಿನಲ್ಲೇ, ಹಾಳಾಗುವ ಮೊದಲು, ದೂರದಿಂದ, ಅವಳಿಗೆ ಗೊತ್ತಾಗದ ಹಾಗೆ. ಅದರ ನೆಗೆಟಿವ್ ಇದ್ದ ಡಬ್ಬಿಯನ್ನು ದೊಡ್ಡದು ಮಾಡಿಸುತ್ತೇವೆ ಅಂತ ಒಯ್ದರು. ಯಾರು ಅಂತ ನಾನು ಹೇಳುವುದಿಲ್ಲ, ಒಯ್ದವರಿಗೆ ಗೊತ್ತು. 20 ವರ್ಷ ಆಯಿತು, ವಾಪಸ್ ಬಂದಿಲ್ಲ. ಮನೆಯಲ್ಲಿ ಅಟ್ಟದ ಮೇಲೆ ಎಲ್ಲಾದರೂ ಇದ್ದರೆ ದಯವಿಟ್ಟು ಹುಡುಕಿ. ನಾನು ಏನೂ ಕೇಳುವುದಿಲ್ಲ, ಡಬ್ಬಿ ಕೊಟ್ಟರೆ ಸಾಕು.

ಹಾಂ, ಏನು? ದೊಡ್ಡಮ್ಮ ಪಕ್ಕದಿಂದ ಹೇಳುತ್ತಿದ್ದಾಳೆ, ಹುಡುಗ ಕೇಳಿದ್ದು ಮನೆ ಖರ್ಚಿನ ವಿಷಯ, ಅದನ್ನು ಹೇಳಿ ಅಂತ. ಹೌದು. ಅದನ್ನು ಹೇಳದೆ ಬಿಟ್ಟೆ.

ನೋಡು ಅಪ್ಪಿ, ಮೊದಲು ಗೀಸರ್. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಇಷ್ಟು ಯೂನಿಟ್ ಪುಕ್ಕಟೆ ಅಂತ ಇದೆ, ಬಿಲ್ಲಿನ ಮೇಲೆ ಬರೆದಿರುತ್ತದೆ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ಲು ನಿನ್ನ ತಲೆಗೆ. ಹಾಗಾಗಿ ತಿಂಗಳ ನಡುವೆ ಒಂದು ದಿನ ಮೀಟರ್ ನೋಡುವ ಅಭ್ಯಾಸ ಮಾಡಿಕೋ. ಗೀಸರ್ ಹಾಕಿ ಮರೆತು ಪೇಪರ್ ಓದುತ್ತಾ ಕೂರುವುದನ್ನು ನಿಲ್ಲಿಸು. ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ, ಆಫ್ ಮಾಡಿ.

ಮೊಬೈಲ್. ಮೂರು ಫೋನಿಗೂ 28 ದಿನದ ರೀಚಾರ್ಜ್ ಹಾಕಿಸುತ್ತೀಯ. ಅದು ವರ್ಷಕ್ಕೆ 12 ಸಲ ಅಲ್ಲ, 13 ಸಲ. ಮನೆಯಲ್ಲಿ ವೈಫೈ ಇದೆ, ಆಫೀಸಿನಲ್ಲೂ ಇದೆ. ದಿನಕ್ಕೆ ಅಷ್ಟು ಡೇಟಾ ಯಾಕೆ? ಕಡಿಮೆ ಡೇಟಾದ ದೊಡ್ಡ ಅವಧಿಯ ಪ್ಯಾಕ್ ನೋಡು, ಲೆಕ್ಕ ಹಾಕಿ ಹೋಲಿಸು.

ಅಡುಗೆಮನೆಯದ್ದು ದೊಡ್ಡಮ್ಮ ಹೇಳುತ್ತಾಳೆ: ಕಾಳು ರಾತ್ರಿಯೇ ನೆನೆಹಾಕಿ, ಬೇಳೆ ಒಂದು ಗಂಟೆ ಮೊದಲು. ಕುಕ್ಕರ್ ಕೂಗಿದ ಮೇಲೆ ಉರಿ ಸಣ್ಣ ಮಾಡಿ, ಗ್ಯಾಸು ಅಲ್ಲೇ ಉಳಿಯುತ್ತದೆ. ವಾರಕ್ಕೆ ಮೂರು ಸಲ ಹೊರಗಿನಿಂದ ತರಿಸಿ ತಿನ್ನುವುದನ್ನು ಒಂದು ಸಲ ಮಾಡಿ. ಅದು ಒಂದರಿಂದಲೇ ನಿನ್ನ ಕ್ಯಾಮೆರಾ ಖರ್ಚು ಹುಟ್ಟುತ್ತದೆ ಅನ್ನುವುದು ಅವಳ ಲೆಕ್ಕ, ನನಗೂ ಹಾಗೇ ಅನ್ನಿಸುತ್ತದೆ. ತೆಂಗಿನಕಾಯಿ, ಅಕ್ಕಿ, ಉಪ್ಪಿನಕಾಯಿಯನ್ನು ಅಂಗಡಿಯಿಂದ ತರಬೇಡಿ. ಇಲ್ಲಿ ಬಂದಾಗ ಒಯ್ಯಿರಿ. ನಿನ್ನ ಹೆಂಡತಿ ಮಗಳಿಗೆ ಸರ್ಕಾರಿ ಸಾದಾ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡೂ ಇಲ್ಲ ಈಗ. ಖಾಲಿ ಚೀಲ ಹಿಡಿದು ಬಂದರೆ ಆಯಿತು.

ಇನ್ನು ಕ್ಯಾಮೆರಾ. ಮಾರಬೇಡ. ಆದರೆ ಹೊಸದೂ ಕೊಳ್ಳಬೇಡ. ಒಂದು ವರ್ಷದಿಂದ ಮುಟ್ಟದ ಲೆನ್ಸ್ ಇದ್ದರೆ ಅದನ್ನು ಮಾತ್ರ ಮಾರು. ದೊಡ್ಡ ಲೆನ್ಸ್ ಬೇಕಾದಾಗ ಬೆಂಗಳೂರಿನಲ್ಲಿ ದಿನದ ಬಾಡಿಗೆಗೆ ಸಿಗುತ್ತದೆ, ಶನಿವಾರ ತಂದು ಸೋಮವಾರ ಕೊಡು. ಇಎಂಐಯಲ್ಲಿ ತಗೊಳ್ಳಬೇಡ. ಬಡ್ಡಿ ಇಲ್ಲ ಅಂತ ಹೇಳುತ್ತಾರೆ, ಆಮೇಲೆ ಪ್ರೋಸೆಸಿಂಗ್ ಫೀಸು, ಜಿಎಸ್‌ಟಿ ಅಂತ ಬರುತ್ತದೆ. ಸಫಾರಿಗೆ, ರೆಸಾರ್ಟಿಗೆ ಅಷ್ಟೊಂದು ಸುರಿಯುವ ಬದಲು ಬೆಳಿಗ್ಗೆ ಐದಕ್ಕೆ ಎದ್ದು ಕೊಕ್ಕರೆ ಬೆಳ್ಳೂರಿಗೆ ಹೋಗು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರೊಳಗಿನ ಮರದ ಮೇಲೆಯೇ ಗೂಡು ಕಟ್ಟಿರುತ್ತವೆ. ಜೀಪೂ ಬೇಡ, ಏನೂ ಬೇಡ. ಸದ್ಯ ಅವುಗಳ ಕಾಲ ಅಲ್ಲ, ಜನವರಿ ಕಳೆದ ಮೇಲೆ ಹೋಗು. ಅಲ್ಲಿಯವರೆಗೆ ಹೆಸರಘಟ್ಟದ ಹುಲ್ಲುಗಾವಲು ಇದೆಯಲ್ಲ.

ಮತ್ತೆ, ಎರಡು ತಿಂಗಳು ಎಲ್ಲ ಖರ್ಚನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನೀನೊಬ್ಬನೇ ಅಲ್ಲ, ಗಂಡ ಹೆಂಡತಿ ಇಬ್ಬರೂ ಕೂತು. ಕ್ಯಾಮೆರಾಕ್ಕೆ ತಿಂಗಳಿಗೆ ಇಷ್ಟು ಅಂತ ಅವಳ ಎದುರಿಗೇ ತೆಗೆದಿಡು. ಅವಳಿಗೂ ಅವಳ ಇಷ್ಟದ್ದಕ್ಕೆ ಅಷ್ಟೇ ತೆಗೆದಿಡು. ನಾನು ಆ ಲೆನ್ಸಿನ ನಿಜವಾದ ಬೆಲೆಯನ್ನು ದೊಡ್ಡಮ್ಮನಿಗೆ ಎಷ್ಟೋ ವರ್ಷ ಹೇಳಿರಲಿಲ್ಲ. ಹಾಳಾದಾಗ ಒಬ್ಬನೇ ಅಳಬೇಕಾಯಿತು.

ಸ್ವಿಚ್ ಹಾಕಿದೆಯಾ? ಬಾಕ್ಸಿನ ತೇವದ ಮೀಟರ್ ಶೇಕಡಾ 40ರಿಂದ 50ರ ಒಳಗೆ ಇರಬೇಕು. ಎಷ್ಟು ತೋರಿಸುತ್ತಿದೆ ಅಂತ ಒಂದು ಫೋಟೊ ತೆಗೆದು ಇಲ್ಲಿ ಹಾಕು. ಲೆನ್ಸನ್ನು ಟಾರ್ಚ್ ಬೆಳಕಿಗೆ ಹಿಡಿದು ಒಳಗೂ ನೋಡು. ಎಳೆ ಏನಾದರೂ ಕಂಡರೆ ನನಗೆ ಫೋನ್ ಮಾಡು, ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ.